ಕೈ ಹೋದರೂ ಹಕ್ಕು ಹೋಗದು

(ರೈತರು ಮತ್ತು ಕೂಲಿಗಾರರು ಸೇರಿದ್ದ ಸಭೆಯೊಂದರಲ್ಲಿ ನಮ್ಮ ಬ್ಲಾಕಿನ ಗ್ರಾಮಸೇವಕರು ಮಾಡಿದ ಭಾಷಣ. ಸಭೆಗೆ ಬರಲಾಗದಿದ್ದ ಗ್ರಾಮಸ್ಥರಿಗೂ ತಲುಪಲೆಂದು ಇಲ್ಲಿ ಪ್ರಕಟಿಸಿದೆ.)



ಕೈ ಕೆಸರಾದರೆ ಬಾಯಿ ಮೊಸರು ಎಂದು ನಾವೆಲ್ಲರೂ ಹೇಳುತ್ತೇವೆ. ಕೆಸರಾಗಲು ಕೈಯೇ ಇಲ್ಲದವನ ಬಾಯಿಗೆ ಮೊಸರು ಎಲ್ಲಿಂದ ಬರಬೇಕು? ಈ ದಿನ ನಾನು ಆ ಪ್ರಶ್ನೆಯನ್ನು ಕುರಿತು ಮಾತನಾಡಲು ನಿಂತಿದ್ದೇನೆ. ನಾನು ಓದಿದ್ದು ಕೃಷಿ ಡಿಪ್ಲೊಮಾ. ಬೀಜ, ಗೊಬ್ಬರ, ಔಷಧ ಸಿಂಪಡಣೆ ಇವುಗಳ ವಿಷಯ ಕೇಳಿದರೆ ಧೈರ್ಯವಾಗಿ ಹೇಳಬಲ್ಲೆ. ಕಾನೂನಿನ ವಿಷಯ ಹೇಳಲು ನನಗೇನು ಅಧಿಕಾರವೆಂದು ನೀವು ಕೇಳಬಹುದು. ಈ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಆ ತಪ್ಪು ಇನ್ನೊಂದು ಊರಿನಲ್ಲಿ ಆಗಬಾರದು ಎಂಬುದಷ್ಟೇ ನನ್ನ ಅಧಿಕಾರ.

ನಡೆದ ಸಂಗತಿ

ನಮ್ಮದು ಮಂಡ್ಯ ಸೀಮೆ. ಕಬ್ಬು ಇರುವಲ್ಲಿ ಆಲೆಮನೆ ಇರುತ್ತದೆ. 2023ರ ಡಿಸೆಂಬರ್ ತಿಂಗಳಲ್ಲಿ ಒಂದು ಆಲೆಮನೆಯಲ್ಲಿ ಬೆಳಗಿನ ಜಾವ ಗಾಣಕ್ಕೆ ಕಬ್ಬು ಕೊಡುತ್ತಿದ್ದ ಕೂಲಿಗಾರನ ಎಡಗೈ ಉರುಳೆಗಳ ನಡುವೆ ಸಿಕ್ಕಿತು. ವಿದ್ಯುತ್ ಮೋಟಾರಿನ ಗಾಣ. ಪಕ್ಕದವನು ಓಡಿಹೋಗಿ ಸ್ವಿಚ್ಚು ಆರಿಸುವಷ್ಟರಲ್ಲಿ ಅಂಗೈ ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ಕೆಳಗೆ ಕತ್ತರಿಸಿ ತೆಗೆದರು. ಅವನಿಗೆ ಆಗ 30 ವರ್ಷ. ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಜಮೀನಿಲ್ಲ.

ಆಲೆಮನೆಯ ಯಜಮಾನರು ಕೆಟ್ಟವರಲ್ಲ. ತಾವೇ ಗಾಡಿ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಯ ಖರ್ಚನ್ನು ಬಹುಪಾಲು ಕೊಟ್ಟರು. ಜನವರಿಯಲ್ಲಿ ಊರ ಹಿರಿಯರು ಅರಳಿಕಟ್ಟೆಯ ಮೇಲೆ ಕೂತು, ಯಜಮಾನರು ಐವತ್ತು ಸಾವಿರ ರೂಪಾಯಿ ಕೊಡತಕ್ಕದ್ದು, ಇನ್ನು ಮುಂದೆ ಯಾವ ತಕರಾರೂ ಇರತಕ್ಕದ್ದಲ್ಲ ಎಂದು ತೀರ್ಮಾನ ಮಾಡಿದರು. ಅಕ್ಷರ ಚೆನ್ನಾಗಿದೆ ಎಂದು ರಾಜಿ ಕಾಗದ ಬರೆಯಲು ನನ್ನನ್ನು ಕರೆದರು. ನಾನು ಕೆಲಸಕ್ಕೆ ಸೇರಿ ಆಗ ಇನ್ನೂ ಒಂದು ವರ್ಷವಾಗಿರಲಿಲ್ಲ. ಊರವರು ಒಬ್ಬ ಸರ್ಕಾರಿ ನೌಕರನೆಂದು ನಂಬಿ ಕರೆದಿದ್ದಾರಲ್ಲ ಎಂಬ ಸಂತೋಷದಿಂದಲೇ ಬರೆದೆ. ಕೊನೆಯಲ್ಲಿ ರೂಢಿಯಂತೆ ‘ಎಡಗೈ ಹೆಬ್ಬೆಟ್ಟಿನ ಗುರುತು’ ಎಂದು ಬರೆದು ಕಾಗದವನ್ನು ಅವನ ಮುಂದೆ ಹಿಡಿದೆ. ಅವನು ಮಾತನಾಡದೆ ನನ್ನ ಮುಖ ನೋಡಿದ. ಆಮೇಲೆ ನಾನು ‘ಎಡಗೈ’ ಎಂಬುದನ್ನು ಹೊಡೆದುಹಾಕಿ ‘ಬಲಗೈ’ ಎಂದು ತಿದ್ದಿದೆ. ಆ ತಿದ್ದಿದ ಕಾಗದ ಈಗಲೂ ಇದೆ.

ಅದೇ ವರ್ಷದ ಮಳೆಗಾಲದ ಹೊತ್ತಿಗೆ ಐವತ್ತು ಸಾವಿರ ಮುಗಿದಿತ್ತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು. ಇವನಾದರೋ ಕೂತದ್ದು ಇಷ್ಟಪಟ್ಟಲ್ಲ. ಕಳೆ ಕೀಳಲು ಕರೆಯುವವರಿಲ್ಲ, ಮೂಟೆ ಹೊರಲು ಆಗುವುದಿಲ್ಲ. ಮನೆ ನಡೆದದ್ದು ಹೆಂಡತಿಯ ಕೂಲಿಯಿಂದ.

2025ರ ಬೇಸಗೆಯಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯವರು ನಮ್ಮ ಊರಿನಲ್ಲಿ ಕಾನೂನು ಅರಿವು ಶಿಬಿರ ನಡೆಸಿದರು. ಕುರ್ಚಿ ಹಾಕಿಸುವ ಕೆಲಸ ನನ್ನದು. ಒಬ್ಬ ವಕೀಲರು ಮಾತನಾಡುತ್ತ, ‘ಕೆಲಸದಲ್ಲಿ ಅಂಗ ಕಳೆದುಕೊಂಡವನು ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆಂದು ಬರೆದುಕೊಟ್ಟರೂ ಆ ಬರಹ ಕಾನೂನಿನ ಮುಂದೆ ನಿಲ್ಲುವುದಿಲ್ಲ’ ಎಂದರು. ಕೈಯಲ್ಲಿದ್ದ ನೀರಿನ ಲೋಟ ಹಾಗೇ ಹಿಡಿದು ನಿಂತೆ. ಸಭೆ ಮುಗಿದ ಮೇಲೆ ಅವರ ಹಿಂದೆ ಹೋಗಿ ಎಲ್ಲವನ್ನೂ ಕೇಳಿಕೊಂಡೆ. ಕೇಳಿಕೊಂಡದ್ದನ್ನು ಈಗ ನಿಮಗೆ ಒಪ್ಪಿಸುತ್ತೇನೆ.

ಪರಿಹಾರ ದಾನವಲ್ಲ

ಕೆಲಸ ಮಾಡುವಾಗ ಕೂಲಿಗಾರನಿಗೆ ಅಪಘಾತವಾದರೆ ಮಾಲೀಕನು ಪರಿಹಾರ ಕೊಡಬೇಕೆಂಬ ಕಾಯಿದೆ ಈ ದೇಶದಲ್ಲಿ ಬಂದದ್ದು 1923ರಲ್ಲಿ. ಶತಮಾನ ಕಳೆದ ಕಾಯಿದೆ. ನಮ್ಮ ಹಳ್ಳಿಗಳಿಗೆ ಅದರ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೆಸರು ಬದಲಾಯಿತು, ತಿರುಳು ಉಳಿದುಕೊಂಡಿದೆ.

ಈ ಕಾನೂನಿನ ಮುಖ್ಯ ಗುಣವನ್ನು ಗಮನಿಸಿ. ಮಾಲೀಕನ ತಪ್ಪಿನಿಂದ ಅಪಘಾತವಾಯಿತೆಂದು ಕೂಲಿಗಾರನು ರುಜುವಾತು ಮಾಡಬೇಕಾಗಿಲ್ಲ. ಕೆಲಸದ ಸಂಬಂಧದಲ್ಲಿ, ಕೆಲಸದ ಹೊತ್ತಿನಲ್ಲಿ ಅಪಘಾತವಾಯಿತು ಎಂದರೆ ಸಾಕು. ಆದುದರಿಂದ ಪರಿಹಾರ ಕೇಳುವುದೆಂದರೆ ಮಾಲೀಕನನ್ನು ಕಳ್ಳನೆಂದೋ ಪಾಪಿಯೆಂದೋ ದೂರುವುದಲ್ಲ. ಸಂಬಳ ಕೇಳಿದ ಹಾಗೆಯೇ ಇದನ್ನೂ ಕೇಳಬಹುದು.

ಈ ಕಾನೂನು ದೊಡ್ಡ ಕಾರ್ಖಾನೆಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ವಿದ್ಯುತ್ತಿನಿಂದಲೋ ಎಂಜಿನ್ನಿನಿಂದಲೋ ಯಂತ್ರ ನಡೆಸಿ ವಸ್ತು ತಯಾರಿಸುವ ಜಾಗದ ಕೂಲಿಗಾರರು ಇದರ ಕೆಳಗೆ ಬರುತ್ತಾರೆ. ನಮ್ಮ ಆಲೆಮನೆ, ಅಕ್ಕಿ ಗಿರಣಿ, ಎಣ್ಣೆ ಗಾಣ ಇವೆಲ್ಲ ಅಂಥವೇ. ಟ್ರ್ಯಾಕ್ಟರಿನಿಂದ ಅಥವಾ ಶಕ್ತಿಚಾಲಿತ ಯಂತ್ರದಿಂದ ಬೇಸಾಯ ಮಾಡುವ ಕಡೆ ದುಡಿಯುವ ಕೂಲಿಗಾರರೂ ಬರುತ್ತಾರೆ. ದಿನಗೂಲಿಯವನು, ಹಂಗಾಮಿಗೆ ಬಂದವನು ಎಂದು ತಳ್ಳಿಹಾಕುವಂತಿಲ್ಲ. ಉತ್ತರ ಭಾರತದಲ್ಲಿ ಒಕ್ಕಣೆ ಯಂತ್ರಗಳಿಗೆ ಸಿಕ್ಕಿ ಎಷ್ಟೋ ಮಂದಿ ಕೈ ಕಳೆದುಕೊಂಡ ಮೇಲೆ, ಅಂಥ ಅಪಾಯಕಾರಿ ಯಂತ್ರಗಳಿಗಾಗಿಯೇ 1983ರಲ್ಲಿ ಸಂಸತ್ತು ಪ್ರತ್ಯೇಕ ಕಾಯಿದೆಯೊಂದನ್ನೂ ಮಾಡಿತು.

ಲೆಕ್ಕ ಹೇಗೆ?

ಯಾವ ಅಂಗ ಹೋದರೆ ದುಡಿಯುವ ಶಕ್ತಿ ಎಷ್ಟು ಹೋಯಿತೆಂದು ಕಾನೂನಿನಲ್ಲಿಯೇ ಪಟ್ಟಿ ಕೊಟ್ಟಿದೆ. ಮಣಿಕಟ್ಟಿನ ಬಳಿ ಕೈ ಹೋದರೆ ಶೇಕಡಾ 60. ಭುಜದ ಕೀಲಿನಿಂದಲೇ ತೋಳು ಹೋದರೆ ಶೇಕಡಾ 90. ಹೆಬ್ಬೆರಳು ಹೋದರೆ 30. ಒಂದು ಕೈಯ ನಾಲ್ಕು ಬೆರಳು ಹೋದರೆ 50. ತೋರುಬೆರಳು ಪೂರ್ತಿ ಹೋದರೆ 14. ಎರಡೂ ಕೈ ಹೋದರೆ 100. ಎಡಗೈ ತಾನೆ, ಅದಕ್ಕೆ ಕಡಿಮೆ ಎನ್ನುವವರಿದ್ದಾರೆ. ಪಟ್ಟಿಯಲ್ಲಿ ಎಡ ಬಲ ಎಂಬ ಭೇದವಿಲ್ಲ.

ಈಗ ಲೆಕ್ಕ ನೋಡಿ. ತಿಂಗಳ ಕೂಲಿ 12,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಅದರ ಶೇಕಡಾ 60 ಎಂದರೆ 7,200. ವಯಸ್ಸಿಗೆ ತಕ್ಕಂತೆ ಒಂದು ಗುಣಕ ಇರುತ್ತದೆ. 30 ವರ್ಷಕ್ಕೆ ಅದು 207.98, 40 ವರ್ಷಕ್ಕೆ 184.17. ಚಿಕ್ಕ ವಯಸ್ಸಿನವನು ಇನ್ನೂ ಹೆಚ್ಚು ಕಾಲ ದುಡಿಯಬೇಕಾದವನಾದ್ದರಿಂದ ಅವನ ಗುಣಕ ದೊಡ್ಡದು. 7,200ನ್ನು 207.98ರಿಂದ ಗುಣಿಸಿದರೆ 14,97,456 ರೂಪಾಯಿ. ಇದು ಪೂರ್ತಿ ದುಡಿಯುವ ಶಕ್ತಿ ಹೋದವನಿಗೆ. ಒಂದು ಕೈ ಹೋದವನಿಗೆ ಇದರಲ್ಲಿ ಶೇಕಡಾ 60, ಎಂದರೆ 8,98,473 ರೂಪಾಯಿ. ಹೆಬ್ಬೆರಳು ಹೋದವನಿಗೆ 4,49,236 ರೂಪಾಯಿ. ಇದಲ್ಲದೆ ಚಿಕಿತ್ಸೆಯ ನಿಜವಾದ ಖರ್ಚನ್ನೂ ಮಾಲೀಕನು ಕೊಡಬೇಕು. ಕೂಲಿ ಎಷ್ಟೇ ಹೆಚ್ಚಿದ್ದರೂ ಲೆಕ್ಕಕ್ಕೆ ಹಿಡಿಯಲು ಒಂದು ಮೇಲ್ಮಿತಿ ಉಂಟು; ಹಳೆಯ ಕಾಯಿದೆಯ ಕೆಳಗೆ 2020ರ ಜನವರಿಯಲ್ಲಿ ಅದನ್ನು ತಿಂಗಳಿಗೆ 15,000 ರೂಪಾಯಿ ಎಂದು ಗೊತ್ತುಮಾಡಿದ್ದರು.

ವಕೀಲರು ಈ ಲೆಕ್ಕವನ್ನು ಒಂದು ಹಾಳೆಯ ಹಿಂಬದಿಯಲ್ಲಿ ಮಾಡಿ ತೋರಿಸಿದಾಗ ನನಗೆ ನಾನು ಬರೆದ ಐವತ್ತು ಸಾವಿರದ ಕಾಗದ ನೆನಪಾಯಿತು. ಸುಮಾರು ಒಂಬತ್ತು ಲಕ್ಷದ ಹಕ್ಕನ್ನು ಐವತ್ತು ಸಾವಿರಕ್ಕೆ ಕಟ್ಟೆಯ ಮೇಲೆ ಮುಗಿಸಿದ್ದೆವು. ಯಾರೂ ಮೋಸ ಮಾಡಬೇಕೆಂದು ಮಾಡಿದ್ದಲ್ಲ. ತಿಳಿಯದೆ ಮಾಡಿದ್ದು. ನಷ್ಟ ಮಾತ್ರ ಮೋಸದಷ್ಟೇ ದೊಡ್ಡದು.

ರಾಜಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಮೊದಲು ಕಾನೂನಿನ ಲೆಕ್ಕ ಮಾಡಿ, ಅಷ್ಟು ಮೊತ್ತಕ್ಕೆ ಒಪ್ಪಂದವಾಗಿ, ಅದನ್ನು ಅಧಿಕಾರಿಯ ಮುಂದೆ ದಾಖಲು ಮಾಡಿಸಿದರೆ ಎರಡು ಕಡೆಯವರಿಗೂ ಕ್ಷೇಮ. ಕಟ್ಟೆಯ ಮೇಲೆ ಬರೆದು ಪೆಟ್ಟಿಗೆಯಲ್ಲಿಟ್ಟ ರಾಜಿಯಿಂದ ಕೂಲಿಗಾರನ ಹಸಿವೂ ತೀರದು, ಮಾಲೀಕನ ಹೊಣೆಯೂ ತೀರದು.

ಮೊದಲನೆಯ ದಿನವೇ ಮುಖ್ಯ ದಿನ

ಓದುಗರೆ, ಈ ಭಾಗವನ್ನು ದಯವಿಟ್ಟು ಮನೆಯವರಿಗೂ ಓದಿ ಹೇಳಿ. ಪರಿಹಾರದ ಮೊಕದ್ದಮೆ ಗೆಲ್ಲುವುದೂ ಸೋಲುವುದೂ ಬಹಳ ಮಟ್ಟಿಗೆ ಮೊದಲನೆಯ ದಿನದ ಕಾಗದಗಳಿಂದ.

ಎಲ್ಲಕ್ಕಿಂತ ಮೊದಲು ಪ್ರಾಣ. ಯಂತ್ರ ನಿಲ್ಲಿಸಿ. ಗಾಯವನ್ನು ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ, ಕೈಯನ್ನು ಎತ್ತಿ ಇಡಿ. ತುಂಡಾದ ಭಾಗ ಸಿಕ್ಕರೆ ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಡಿ. ತುಂಡು ನೇರವಾಗಿ ಮಂಜುಗಡ್ಡೆಗೆ ತಾಕಬಾರದು. ಸ್ವಚ್ಛವಾಗಿ ಕತ್ತರಿಸಿಹೋದದ್ದಾದರೆ, ಬೇಗನೆ ದೊಡ್ಡಾಸ್ಪತ್ರೆ ಸೇರಿದವರಿಗೆ ಕೆಲವೊಮ್ಮೆ ಮತ್ತೆ ಜೋಡಿಸುವುದುಂಟು. 108ಕ್ಕೆ ಕರೆ ಮಾಡಿ.

ಎರಡನೆಯದು, ಆಸ್ಪತ್ರೆಯಲ್ಲಿ ನಿಜ ಹೇಳಿ. ‘ಹೇಗಾಯಿತು?’ ಎಂದು ವೈದ್ಯರು ಕೇಳಿ ಬರೆದುಕೊಳ್ಳುತ್ತಾರೆ. ನಮ್ಮವರು ಯಜಮಾನರಿಗೆ ಪೊಲೀಸಿನ ತೊಂದರೆ ಆಗಬಾರದೆಂದು ಏನಾದರೊಂದು ಹೇಳಿಬಿಡುತ್ತಾರೆ. ನಾನು ಹೇಳುತ್ತಿರುವ ಪ್ರಸಂಗದಲ್ಲಿಯೂ ಹಾಗೆಯೇ ಆಯಿತು. ಜೊತೆಗೆ ಹೋಗಿದ್ದವರು, ‘ಮನೆಯಲ್ಲಿ ಮೇವು ಕತ್ತರಿಸುವಾಗ ಆಯಿತು’ ಎಂದು ಬರೆಸಿದರು. ಆ ಒಂದು ಸಾಲು ಈಗ ಎದುರು ಪಕ್ಷದ ಕೈಯಲ್ಲಿ ದೊಡ್ಡ ಆಯುಧವಾಗಿದೆ. ಗಾಣಕ್ಕೆ ಸಿಕ್ಕಿದ ಕೈಯನ್ನು ಗಾಣಕ್ಕೆ ಸಿಕ್ಕಿತೆಂದೇ ಬರೆಸಬೇಕು. ಯಾರ ಆಲೆಮನೆ, ಎಷ್ಟು ಹೊತ್ತಿಗೆ ಎಂಬುದನ್ನೂ ಬರೆಸಬೇಕು.

ಮೂರನೆಯದು, ಪೊಲೀಸ್ ಠಾಣೆಗೆ ತಿಳಿಸಿ, ದೂರಿನ ಪ್ರತಿ ಪಡೆಯಿರಿ. ನಾಲ್ಕನೆಯದು, ಅಪಘಾತವಾದ ಸಂಗತಿಯನ್ನು ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ನಕಲು ಇಟ್ಟುಕೊಳ್ಳಿ. ಮಾಲೀಕರ ಕಣ್ಣೆದುರಿಗೇ ಅಪಘಾತವಾಗಿದ್ದರೆ ತಿಳಿವಳಿಕೆ ಪತ್ರ ಕೊಡಲಿಲ್ಲವೆಂಬ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ಆದರೂ ಕಾಗದ ಇದ್ದರೆ ಬಲ. ಐದನೆಯದು, ಆಸ್ಪತ್ರೆಯ ಚೀಟಿ, ಔಷಧದ ಬಿಲ್ಲು, ಬಿಡುಗಡೆ ಪತ್ರ, ಗಾಡಿ ಬಾಡಿಗೆಯ ರಸೀದಿ ಎಲ್ಲವನ್ನೂ ಒಂದೇ ಚೀಲದಲ್ಲಿಡಿ. ಆರನೆಯದು, ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರ ಹೆಸರು ಮತ್ತು ಊರು ಬರೆದಿಡಿ. ಹಂಗಾಮು ಮುಗಿದ ಮೇಲೆ ಅವರು ಎಲ್ಲಿರುತ್ತಾರೋ! ಏಳನೆಯದು, ಕೂಲಿ ಎಷ್ಟೆಂಬುದಕ್ಕೆ ಏನಾದರೂ ಗುರುತು ಇರಲಿ. ಮುಂಗಡದ ಚೀಟಿ, ಫೋನಿನಲ್ಲಿ ಹಣ ಹಾಕಿದ ದಾಖಲೆ, ಲೆಕ್ಕದ ಪುಸ್ತಕ ಯಾವುದಾದರೂ ಆದೀತು.

ಗಾಯ ಮಾಗಿದ ಮೇಲೆ ಸರ್ಕಾರಿ ವೈದ್ಯರಿಂದ ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಂತೆ ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆ ಇದ್ದವರಿಗೆ ಬೇರೆ ಸೌಲಭ್ಯಗಳೂ ಉಂಟು.

ಪರಿಹಾರದ ಅರ್ಜಿಯನ್ನು ಅಪಘಾತವಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸತಕ್ಕದ್ದು. ತಡಕ್ಕೆ ತಕ್ಕ ಕಾರಣವಿದ್ದರೆ ಮನ್ನಿಸುವ ಅಧಿಕಾರ ಇದೆಯಾದರೂ ಅದನ್ನು ನಂಬಿ ಕೂಡಬೇಡಿ. ಅರ್ಜಿಯನ್ನು ಯಾರ ಮುಂದೆ ಹಾಕಬೇಕೆಂಬುದನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಅಥವಾ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಯಲ್ಲಿ ತಿಳಿಸುತ್ತಾರೆ. ಪರಿಹಾರ ಕೊಡಬೇಕಾದ ದಿನದಿಂದ ಒಂದು ತಿಂಗಳಲ್ಲಿ ಕೊಡದಿದ್ದರೆ ಬಡ್ಡಿ ಸೇರುತ್ತದೆ. ತಕ್ಕ ಕಾರಣವಿಲ್ಲದೆ ತಡಮಾಡಿದರೆ ಬಾಕಿಯ ಅರ್ಧದವರೆಗೆ ಹೆಚ್ಚಿಗೆ ತೆರಬೇಕಾಗಬಹುದು.

ಒಂದು ಎಚ್ಚರಿಕೆ. ಕುಡಿದ ಅಮಲಿನಿಂದ ಅಪಘಾತವಾಗಿದ್ದರೆ, ರಕ್ಷಣೆಗೆ ಹಾಕಿದ್ದ ತಡೆಯನ್ನು ಬೇಕೆಂದೇ ತೆಗೆದಿದ್ದರೆ, ಕೈ ಒಂದು ಹೋದಂಥ ಪ್ರಸಂಗದಲ್ಲಿ ಪರಿಹಾರ ತಪ್ಪಿಹೋಗಬಹುದು. ರಾತ್ರಿಪಾಳಿಯಲ್ಲಿ ಚಳಿಗೆಂದು ಒಂದು ಗುಟುಕು ಹಾಕುವವರು ಇದನ್ನು ನೆನಪಿಡಿ.

ರಸ್ತೆಯಲ್ಲಿ ಆದರೆ

ಯಂತ್ರದಿಂದ ಹೇಗೋ ಹಾಗೆಯೇ ರಸ್ತೆಯಲ್ಲಿಯೂ ನಮ್ಮವರು ಕೈಕಾಲು ಕಳೆದುಕೊಳ್ಳುತ್ತಿದ್ದಾರೆ. ಅದಕ್ಕೆ ಮೋಟಾರು ವಾಹನಗಳ ಕಾಯಿದೆ ಬೇರೆ ಇದೆ. ಅರ್ಜಿ ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ. ಅಪಘಾತ ಎಲ್ಲೋ ದೂರದಲ್ಲಿ ಆಗಿದ್ದರೂ ಗಾಯಗೊಂಡವನು ತಾನು ವಾಸಿಸುವ ಕಡೆಯ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. 2019ರಲ್ಲಿ ತಿದ್ದಿದ ಕಾಯಿದೆಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ; ಅದರಂತೆ ಆರು ತಿಂಗಳ ಅವಧಿ ಹಾಕಿದ್ದಾರೆ. ಇಲ್ಲಿ ಎರಡು ವರ್ಷವೆಂದು ತಿಳಿದು ಮೋಸ ಹೋಗಬೇಡಿ.

ಯಾರ ತಪ್ಪೆಂದು ನೋಡದೆ ಕೊಡುವ ನಿಗದಿ ಪರಿಹಾರವೂ ಈ ಕಾಯಿದೆಯಲ್ಲಿದೆ: ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ. ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೂ ಸರ್ಕಾರದ ಯೋಜನೆಯಿಂದ ತೀವ್ರ ಗಾಯಕ್ಕೆ 50,000 ರೂಪಾಯಿ ಉಂಟು. 2025ರ ಮೇ ತಿಂಗಳಲ್ಲಿ ಬಂದ ಯೋಜನೆಯಂತೆ ರಸ್ತೆ ಅಪಘಾತಕ್ಕೆ ಸಿಕ್ಕವರಿಗೆ ನಿಗದಿಯಾದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿಯವರೆಗೆ, ಕೈಯಿಂದ ಹಣ ಕಟ್ಟದೆ ಚಿಕಿತ್ಸೆ ದೊರೆಯುತ್ತದೆ.

ಪೂರ್ತಿ ಪರಿಹಾರ ಕೇಳಿದಾಗ ನ್ಯಾಯಮಂಡಳಿಯು ವರ್ಷದ ಆದಾಯವನ್ನು ವಯಸ್ಸಿನ ಗುಣಕದಿಂದ ಗುಣಿಸುತ್ತದೆ. 2009ರಲ್ಲಿ ಸುಪ್ರೀಂ ಕೋರ್ಟು ಗೊತ್ತುಮಾಡಿದಂತೆ 26ರಿಂದ 30 ವರ್ಷದವರಿಗೆ 17, 36ರಿಂದ 40ರವರಿಗೆ 15, 51ರಿಂದ 55ರವರಿಗೆ 11. ಇಲ್ಲಿ ಒಂದು ಸೂಕ್ಷ್ಮವಿದೆ. ದೇಹದ ನಷ್ಟ ಬೇರೆ, ಸಂಪಾದನೆಯ ನಷ್ಟ ಬೇರೆ. ಎಡಗೈ ಕಳೆದುಕೊಂಡ ಗುಮಾಸ್ತನು ತನ್ನ ಕುರ್ಚಿಗೆ ಹಿಂದಿರುಗಬಹುದು. ಅದೇ ಕೈ ಕಳೆದುಕೊಂಡ ಬಡಗಿಯ ಅಥವಾ ಡ್ರೈವರನ ಕಸುಬೇ ಮುಗಿದಂತೆ. ಈ ಭೇದವನ್ನು ನೋಡಿಯೇ ಪರಿಹಾರ ನಿರ್ಧರಿಸಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. ಆದುದರಿಂದ ನ್ಯಾಯಮಂಡಳಿಯ ಮುಂದೆ ‘ಕೂಲಿ’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಏನು ಕೆಲಸ ಮಾಡುತ್ತಿದ್ದಿರಿ, ಎರಡು ಕೈ ಎಲ್ಲೆಲ್ಲಿ ಬೇಕಾಗಿತ್ತು, ಈಗ ಯಾವುದು ಆಗುತ್ತಿಲ್ಲ ಎಂಬುದನ್ನು ಬಿಡಿಸಿ ಹೇಳಿ.

ನಮ್ಮ ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬನ ಬಲಗಾಲು ರಸ್ತೆ ಅಪಘಾತದಲ್ಲಿ ಹೋಗಿತ್ತು. ಅವನ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2014ರಲ್ಲಿ ನ್ಯಾಯಾಲಯವು, ಇಂಥ ಸಣ್ಣ ವ್ಯಾಪಾರದವನಿಂದ ಆದಾಯದ ಲಿಖಿತ ದಾಖಲೆ ಕೇಳುವುದು ಸರಿಯಲ್ಲವೆಂದು ಹೇಳಿ, ತಿಂಗಳಿಗೆ 6,500 ರೂಪಾಯಿ ಆದಾಯವನ್ನು ಒಪ್ಪಿತು. ಕೂತೇ ತರಕಾರಿ ಮಾರಬಹುದಲ್ಲ ಎಂಬ ವಾದವನ್ನು ಒಪ್ಪದೆ, ಸಂಪಾದನೆಯ ನಷ್ಟವನ್ನು ಶೇಕಡಾ 85 ಎಂದು ಹಿಡಿಯಿತು. ಕಾಗದ ಪತ್ರ ಇಲ್ಲದ ಬಡವನಿಗೆ ಈ ತೀರ್ಪು ದೊಡ್ಡ ಆಸರೆ.

ಕೆಲಸದ ಮೇಲೆ ಹೋಗುತ್ತಿದ್ದಾಗಲೇ ವಾಹನದಿಂದ ಅಪಘಾತವಾದರೆ ಎರಡು ಕಾನೂನುಗಳಲ್ಲಿ ಯಾವುದಾದರೊಂದನ್ನು ಆರಿಸಿಕೊಳ್ಳಬಹುದು, ಎರಡರಲ್ಲೂ ಕೇಳುವಂತಿಲ್ಲ. ಯಾವುದು ಲಾಭವೆಂದು ವಕೀಲರನ್ನು ಕೇಳಿ ಮುಂದುವರಿಯಿರಿ.

ಸ್ವಂತ ಹೊಲದಲ್ಲಿ ಆದರೆ

ತನ್ನ ಹೊಲದಲ್ಲಿ, ತನ್ನ ಯಂತ್ರದಿಂದ ರೈತನು ತಾನೇ ಕೈ ಕಳೆದುಕೊಂಡರೆ ಕೇಳಲು ಮಾಲೀಕನಿಲ್ಲ. ಅಲ್ಲಿ ವಿಮೆಯೇ ದಾರಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಕಂತು. 18ರಿಂದ 70 ವರ್ಷದವರೆಗಿನ, ಬ್ಯಾಂಕು ಅಥವಾ ಅಂಚೆ ಕಚೇರಿಯಲ್ಲಿ ಖಾತೆ ಇರುವ ಯಾರೂ ಸೇರಬಹುದು. ಅಪಘಾತದಲ್ಲಿ ಒಂದು ಕೈ ಅಥವಾ ಒಂದು ಕಾಲು ಹೋದರೆ ಒಂದು ಲಕ್ಷ, ಎರಡೂ ಹೋದರೆ ಎರಡು ಲಕ್ಷ ರೂಪಾಯಿ. ಎಷ್ಟೋ ಮಂದಿಯ ಖಾತೆಯಿಂದ ಆ 20 ರೂಪಾಯಿ ಪ್ರತಿ ವರ್ಷ ಕಡಿತವಾಗುತ್ತಿರುತ್ತದೆ, ಅವರಿಗೇ ತಿಳಿದಿರುವುದಿಲ್ಲ. ಮನೆಗೆ ಹೋಗಿ ಪಾಸ್‌ಬುಕ್ ತೆಗೆದು ನೋಡಿ. ಕೃಷಿ ಕೆಲಸದಲ್ಲಿ ಆದ ಅಪಘಾತಕ್ಕೆ ಬೇರೆ ಯಾವ ನೆರವು ಸಿಗುವುದೆಂದು ಎಪಿಎಂಸಿ ಕಚೇರಿಯಲ್ಲಿ ಮತ್ತು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ವಕೀಲರಿಗೆ ದುಡ್ಡೆಲ್ಲಿಂದ?

ಈ ಪ್ರಶ್ನೆ ಎಲ್ಲ ಕಡೆಯೂ ಬರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಕೈ ಕಳೆದುಕೊಂಡವನು ಅಂಗವಿಕಲನೆಂಬ ಕಾರಣಕ್ಕೇ ಇದಕ್ಕೆ ಅರ್ಹ. 15100 ಸಂಖ್ಯೆಗೆ ಫೋನು ಮಾಡಿದರೆ ಮಾಹಿತಿ ಸಿಗುತ್ತದೆ. ಆಸ್ಪತ್ರೆಯ ಮಂಚದ ಬಳಿಗೇ ಬಂದು, ‘ಬಂದದ್ದರಲ್ಲಿ ಇಷ್ಟು ಪಾಲು ನನಗೆ’ ಎಂದು ಸಹಿ ಹಾಕಿಸಿಕೊಳ್ಳುವವರ ವಿಷಯದಲ್ಲಿ ಎಚ್ಚರವಾಗಿರಿ. ಪರಿಹಾರದ ಹಣದಲ್ಲಿ ಪಾಲು ಮಾತಾಡಿಕೊಳ್ಳುವುದು ವಕೀಲರ ವೃತ್ತಿ ನಿಯಮಕ್ಕೇ ವಿರುದ್ಧ.

ಮಾಲೀಕರಿಗೊಂದು ಮಾತು

ಆಲೆಮನೆ, ಗಿರಣಿ, ಒಕ್ಕಣೆ ಯಂತ್ರ ನಡೆಸುವವರು ನಮ್ಮವರೇ. ಅವರಲ್ಲಿಯೂ ಸಾಲಗಾರರಿದ್ದಾರೆ. ಒಂಬತ್ತು ಲಕ್ಷ ಕೊಡಬೇಕಾಗಿ ಬಂದರೆ ಅವರ ಮನೆಯೂ ಮುರಿಯುತ್ತದೆ. ಅದಕ್ಕೆ ಪರಿಹಾರವನ್ನು ತಪ್ಪಿಸಿಕೊಳ್ಳುವುದು ಉಪಾಯವಲ್ಲ. ಕೂಲಿಗಾರರ ಹೆಸರಿನಲ್ಲಿ ಮೊದಲೇ ವಿಮೆ ಮಾಡಿಸುವುದು ಉಪಾಯ. ಕೆಲಸಗಾರರ ಪರಿಹಾರಕ್ಕೆಂದೇ ವಿಮೆ ಸಿಗುತ್ತದೆ. ಹಂಗಾಮಿನ ಆರಂಭದಲ್ಲಿ ಗಾಣಕ್ಕೆ ಪೂಜೆ ಮಾಡುವ ದಿನವೇ ಅದನ್ನೂ ಮಾಡಿಸಿ. ಉರುಳೆಯ ಮುಂದೆ ಕೈ ಹೋಗದಂತೆ ತಡೆ ಹಾಕಿಸಿ, ಬೆಲ್ಟಿಗೆ ಮುಚ್ಚಳ ಹಾಕಿಸಿ, ಸ್ವಿಚ್ಚನ್ನು ಕಬ್ಬು ಕೊಡುವವನ ಕೈಗೆಟುಕುವಂತೆ ಇಡಿಸಿ. ನಿದ್ದೆಗೆಟ್ಟವನನ್ನು ಗಾಣದ ಮುಂದೆ ನಿಲ್ಲಿಸಬೇಡಿ. ಅವನಿಗೆ ಒಂದು ಗಂಟೆ ವಿಶ್ರಾಂತಿ ಕೊಟ್ಟರೆ ತಪ್ಪುವ ಬೆಲ್ಲ ಎಷ್ಟು ಅಚ್ಚು?

ಮುಂದೇನಾಯಿತು

ಶಿಬಿರ ಮುಗಿದ ರಾತ್ರಿಯೇ ನಾನು ಆ ಕೂಲಿಗಾರನ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವನು ಒಪ್ಪಲಿಲ್ಲ. ‘ಅವರ ಅನ್ನ ಉಂಡಿದೀವಿ ಸ್ವಾಮಿ. ಆವತ್ತು ಅವರೇ ಎತ್ತಿಕೊಂಡು ಹೋಗದಿದ್ದರೆ ನಾನು ಉಳೀತಿರಲಿಲ್ಲ. ಅವರ ಮ್ಯಾಲೆ ಹೆಂಗೆ ಕೇಸು ಹಾಕಲಿ?’ ಎಂದ. ನನಗೆ ಉತ್ತರ ತೋಚಲಿಲ್ಲ. ಒಳಗಿನಿಂದ ಅವನ ಹೆಂಡತಿ, ‘ಅಣ್ಣ, ಅವರನ್ನ ಬೈಯೋದು ಬ್ಯಾಡ, ಅವರ ಉಪಕಾರ ಮರೆಯೋದೂ ಬ್ಯಾಡ. ಮಕ್ಕಳ ಪಾಲಿಂದು ಏನೈತೋ ಅದನ್ನ ಕೇಳಾನ’ ಎಂದರು. ನಾನು ಈ ದಿನ ಇಷ್ಟು ಹೊತ್ತು ಹೇಳಿದ್ದನ್ನು ಆ ತಾಯಿ ಎರಡೇ ಮಾತಿನಲ್ಲಿ ಹೇಳಿದ್ದರು.

ಆದರೂ ಅವನ ಮನಸ್ಸು ಗಟ್ಟಿಯಾಗಲು ಮೂರು ತಿಂಗಳು ಹಿಡಿಯಿತು. 2025ರ ಸೆಪ್ಟೆಂಬರಿನಲ್ಲಿ, ಎರಡು ವರ್ಷದ ಗಡುವಿಗೆ ಮೂರು ತಿಂಗಳು ಉಳಿದಿರುವಾಗ, ಅರ್ಜಿ ಸಲ್ಲಿಕೆಯಾಯಿತು. ವಿಚಾರಣೆ ಇನ್ನೂ ನಡೆಯುತ್ತಿದೆ. ಆಸ್ಪತ್ರೆಯಲ್ಲಿ ಬರೆಸಿದ ಆ ಸುಳ್ಳು ಸಾಲಿನ ವಿಷಯದಲ್ಲಿ ಜೊತೆಗಾರರು ಸಾಕ್ಷಿ ಹೇಳಬೇಕಾಗಿದೆ. ರಾಜಿ ಕಾಗದ ಬರೆದವನೆಂದು ನಾನೂ ಸಾಕ್ಷಿಕಟ್ಟೆ ಹತ್ತಬೇಕು. ‘ಈ ಅಕ್ಷರ ನಿಮ್ಮದೇ ತಾನೆ?’ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಯಜಮಾನರು ಈಗ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅದಕ್ಕೆ ನಾನು ಬೇಸರಪಟ್ಟುಕೊಳ್ಳುವಂತಿಲ್ಲ. ಆ ದಿನ ಕಟ್ಟೆಯ ಮೇಲೆ ನಾನು ತಿಳಿದವನಾಗಿದ್ದಿದ್ದರೆ ಇಬ್ಬರನ್ನೂ ಒಟ್ಟಿಗೆ ಅಧಿಕಾರಿಯ ಮುಂದೆ ಕರೆದುಕೊಂಡು ಹೋಗಬಹುದಾಗಿತ್ತು. ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಯಿತು ನನ್ನ ತಿಳಿವಳಿಕೆ.

ಆದುದರಿಂದ ಗ್ರಾಮಬಂಧುಗಳೆ, ನಿಮ್ಮ ಊರಿನಲ್ಲಿ ಇಂಥ ಅಪಘಾತವಾದರೆ ಮೂರು ಮಾತು ನೆನಪಿಡಿ. ಆಸ್ಪತ್ರೆಯಲ್ಲಿ ನಿಜ ಹೇಳಿ. ಲೆಕ್ಕ ತಿಳಿಯದೆ ಹೆಬ್ಬೆಟ್ಟು ಒತ್ತಬೇಡಿ. ಗಡುವು ಮೀರುವ ಮೊದಲು ಅರ್ಜಿ ಹಾಕಿ. ಹಿರಿಯರೆ, ನ್ಯಾಯ ಹೇಳಲು ನಿಮ್ಮನ್ನು ಕರೆದರೆ ದಯವಿಟ್ಟು ಮೊದಲು ಕಾನೂನು ಸೇವೆಗಳ ಸಮಿತಿಗೆ ಒಂದು ಫೋನು ಮಾಡಿಸಿ, ಆಮೇಲೆ ಕಟ್ಟೆಯ ಮೇಲೆ ಕೂಡಿ. ಅಕ್ಷರ ಬಲ್ಲ ತರುಣರೆ, ಕಾಗದ ಬರೆಯಲು ನಿಮ್ಮನ್ನು ಕರೆದರೆ, ಬರೆಯುವ ಮೊದಲು ನೀವು ಬರೆಯುತ್ತಿರುವುದು ಏನೆಂದು ತಿಳಿದುಕೊಂಡು ಬರೆಯಿರಿ.